ಕ್ಲೋಬೆಟಾಸಾಲ್ ಮುಲಾಮು: ಕೆಲವು ವರ್ಷ ಬಳಸಿದ ಮೇಲೆ

ನನ್ನ ಮೊಣಕೈ, ಮೊಣಕಾಲಿನ ಸೋರಿಯಾಸಿಸ್‌ಗೆ ಚರ್ಮದ ಡಾಕ್ಟರು ಬರೆದುಕೊಟ್ಟಿದ್ದು ಕ್ಲೋಬೆಟಾಸಾಲ್ 0.05% ಮುಲಾಮು. ಕೆಲವು ವರ್ಷಗಳಿಂದ ನಡುನಡುವೆ ಬಿಡುವು ಕೊಟ್ಟು ಹಚ್ಚುತ್ತಿದ್ದೇನೆ. ಕೆಲಸ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಮೊದಲು ತುರಿಕೆ ಇಳಿಯುತ್ತದೆ, ಆಮೇಲೆ ದಪ್ಪಗೆ ಕೂತಿದ್ದ ಹೊಟ್ಟು ಉದುರುತ್ತದೆ. ಆದರೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಇದು ತುಂಬಾ ಜೋರಿನದು. ಚರ್ಮಕ್ಕೆ ಎಷ್ಟು ಏಟು ಬೀಳುತ್ತಿದೆ ಅಂತ ನಾವೇ ನೋಡುತ್ತಿರಬೇಕು.

ನನಗೆ ಮೊದಲು ಕಂಡದ್ದು ಹೊಳಪು. ಮೊಣಕೈ ಮಡಿಕೆಯ ಹತ್ತಿರದ ಚರ್ಮವನ್ನು ಮೆಲ್ಲಗೆ ಹಿಡಿದರೆ ಈರುಳ್ಳಿ ಸಿಪ್ಪೆಯ ಹಾಗೆ ಸಣ್ಣ ಸುಕ್ಕು ಬೀಳುತ್ತಿತ್ತು. ಡಾಕ್ಟರು ಆ ಜಾಗಕ್ಕೆ ಇದನ್ನು ನಿಲ್ಲಿಸಿ, ಸ್ಟೀರಾಯ್ಡ್ ಇಲ್ಲದ ಕ್ಯಾಲ್ಸಿಪೊಟ್ರಿಯಾಲ್ ಕೊಟ್ಟರು. ತಿಂಗಳುಗಳು ಹಿಡಿಯಿತು, ಆದರೂ ಚರ್ಮ ಬಹುಪಾಲು ಸುಧಾರಿಸಿತು. ಬೇಗ ಗೊತ್ತಾದರೆ ಹೀಗೆ ತೆಳುವಾದ ಚರ್ಮ ಸರಿಹೋಗುತ್ತದೆ. ಈ ಮುಲಾಮಿನಿಂದ ಬೀಳುವ ಸ್ಟ್ರೆಚ್ ಮಾರ್ಕ್ ಹಾಗಲ್ಲ. ಅದರ ಕೆಂಪು ಮಾಸುತ್ತದೆ, ಗೆರೆ ಉಳಿಯುತ್ತದೆ. ಸಣ್ಣ ಕೆಂಪು ರಕ್ತನಾಳಗಳು ಎದ್ದು ಕಂಡರೆ, ಸುಮ್ನೆ ತಗುಲಿದ್ದಕ್ಕೇ ರಕ್ತ ಹೆಪ್ಪುಗಟ್ಟಿ ನೀಲಿಯಾದರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ಸೋರಿಯಾಸಿಸ್ ಕಲೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ. ಮುಖ, ಕಂಕುಳು, ತೊಡೆಸಂದಿನ ಚರ್ಮ ಔಷಧಿಯನ್ನು ಜಾಸ್ತಿ ಹೀರುತ್ತದೆ. ಅಂಗಾಲು ಕಡಿಮೆ. ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಲ್ಲಿ ಫೋಟೋ ತೆಗೆದಿಡಿ, ದಿನಾ ನೋಡುವ ಕಣ್ಣಿಗೆ ಬದಲಾವಣೆ ತಿಳಿಯುವುದಿಲ್ಲ. ಅಳತೆಯೂ ಸುಲಭ: ದೊಡ್ಡವರ ಬೆರಳ ತುದಿಯ ಗೆಣ್ಣಿನಷ್ಟು ಉದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಎರಡು ಅಂಗೈ ಅಗಲಕ್ಕೆ ಸಾಕು. ವಾರಕ್ಕೆ 50 ಗ್ರಾಂ ದಾಟಬಾರದು. ಸಾಮಾನ್ಯವಾಗಿ ಒಂದೇ ಸಮ ಎರಡು ವಾರಕ್ಕಿಂತ ಹೆಚ್ಚು ಹಚ್ಚಬಾರದು.

ನನಗೆ ನಿಜಕ್ಕೂ ಸಂಕಟವಾಗುವುದು ಮೆಡಿಕಲ್ ಶಾಪ್‌ಗಳಲ್ಲಿ ಸ್ಟೀರಾಯ್ಡ್ ಮುಲಾಮುಗಳು ಚೀಟಿ ಇಲ್ಲದೆ ಸಿಗುವುದನ್ನು ನೋಡಿದಾಗ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳ ಮೇಲೆ ನಿಯಮ ಬಿಗಿ ಮಾಡಿತು. ಆದರೂ ಬೆಳ್ಳಗಾಗಲಿ ಅಂತ ಹುಡುಗಿಯರು ಮುಖಕ್ಕೆ ಹಚ್ಚುತ್ತಾರೆ. ಬಿಟ್ಟ ಕೂಡಲೇ ಉರಿ, ಕೆಂಪು, ಮೊಡವೆ. ಹುಳುಕಡ್ಡಿಗೆ ಹಚ್ಚಿದರೆ ತುರಿಕೆ ಅಡಗುತ್ತದೆ, ರೋಗ ಒಳಗೊಳಗೇ ಹರಡುತ್ತದೆ.

ಮೊಣಕೈ, ಮೊಣಕಾಲಿಗೆ, ಡಾಕ್ಟರ ಕಣ್ಗಾವಲಿನಲ್ಲಿ ಬಳಸುವುದಾದರೆ 5ಕ್ಕೆ 4 ಕೊಡುತ್ತೇನೆ. ತುಂಬಾ ದಿನ ಹಚ್ಚಿದವರು ಹೆದರಿ ದಿಢೀರ್ ನಿಲ್ಲಿಸಬೇಡಿ, ಸೋರಿಯಾಸಿಸ್ ಮೊದಲಿಗಿಂತ ಜೋರಾಗಿ ತಿರುಗಿ ಬರಬಹುದು. ಹೇಗೆ ಇಳಿಸುತ್ತಾ ಬರಬೇಕು ಅಂತ ಡಾಕ್ಟರನ್ನೇ ಕೇಳಿ.