ಓಲ್ಡ್ ಗ್ರ್ಯಾಂಡ್-ಡ್ಯಾಡ್ 114: ವಯಸ್ಸು ಕಮ್ಮಿ, ಘಾಟು ಜಾಸ್ತಿ, ಆದರೂ ತಗೊಳ್ಳಿ

ಮೊದಲೇ ಹೇಳಿಬಿಡುತ್ತೇನೆ. ಗ್ಲಾಸಿಗೆ ಸುರಿದು ಹಾಗೇ ರಾ ಹೊಡೆಯುವವರು ಈ ಬಾಟಲಿ ಬಿಟ್ಟು ಬೇರೆ ಏನಾದರೂ ತಗೊಳ್ಳಿ. ಪಕ್ಕದಲ್ಲಿ ಒಂದು ಲೋಟ ನೀರು, ಒಂದು ಚಮಚ ಇಟ್ಟುಕೊಂಡು ನಿಧಾನಕ್ಕೆ ಕುಡಿಯುವವರಾದರೆ, 30 ಡಾಲರ್ ಆಸುಪಾಸಿಗೆ ಇದಕ್ಕಿಂತ ಒಳ್ಳೆ ಬರ್ಬನ್ (ಮೆಕ್ಕೆಜೋಳದ ಅಮೆರಿಕನ್ ವಿಸ್ಕಿ) ನನಗಂತೂ ಸಿಕ್ಕಿಲ್ಲ. ಕೆಲವು ವರ್ಷಗಳಿಂದ ನಮ್ಮ ಮನೆಯಲ್ಲಿ ಒಂದು ಖಾಲಿಯಾಗುವ ಹೊತ್ತಿಗೆ ಇನ್ನೊಂದು ಬರುತ್ತಿದೆ. ಹಾಗಾಗಿ ಇದು ಮೊದಲ ಪೆಗ್ಗಿನ ಉತ್ಸಾಹದಲ್ಲಿ ಬರೆದದ್ದಲ್ಲ.

ನಾನಿರುವುದು ಸಿನ್ಸಿನಾಟಿಯಲ್ಲಿ. ಓಹಿಯೋ ನದಿಯ ಸೇತುವೆ ದಾಟಿದರೆ ಕೆಂಟಕಿ. ಈ ದಡದಲ್ಲಿ ವಿಸ್ಕಿ ಬೆಲೆಯನ್ನು ಓಹಿಯೋ ಸರ್ಕಾರವೇ ನಿಗದಿ ಮಾಡುತ್ತೆ, ಎಲ್ಲಿ ಹೋದರೂ ಒಂದೇ ರೇಟು. ಆ ದಡದಲ್ಲಿ ಅಂಗಡಿಯವನು ಹೇಳಿದ್ದೇ ರೇಟು. ಬರ್ಬನ್ ಹುಚ್ಚು ಹೆಚ್ಚಾದ ಮೇಲೆ ಅಲ್ಲಿನ ಶೆಲ್ಫುಗಳಲ್ಲಿ ಪೀಪಾಯಿಯಲ್ಲಿ ಎರಡು ಮೂರು ವರ್ಷ ಇಟ್ಟ ಸರಕಿಗೆ 60 ಡಾಲರ್, 70 ಡಾಲರ್ ಚೀಟಿ ಅಂಟಿಸಿರುವುದು ಮಾಮೂಲಿ. "ಬ್ಯಾರೆಲ್ ಪ್ರೂಫ್" ಅಂತ ದಪ್ಪಕ್ಷರದಲ್ಲಿ ಇರುತ್ತೆ, ಅಂದರೆ ನೀರು ಬೆರೆಸದೆ ಪೀಪಾಯಿಯಿಂದ ನೇರ ತುಂಬಿದ್ದು; ವಯಸ್ಸು ಹಿಂದುಗಡೆ ಸಣ್ಣ ಅಕ್ಷರದಲ್ಲಿ. ದುಡ್ಡು ಕೊಡುವ ಮುಂಚೆ ನಾನು ಓದುವುದು ಆ ಸಣ್ಣ ಅಕ್ಷರವನ್ನೇ.

ಅಮೆರಿಕದ ಕಾನೂನು ಈ ವಿಷಯದಲ್ಲಿ ನಮಗೆ ಸಹಾಯ ಮಾಡುತ್ತೆ. ಬರೀ "ಬರ್ಬನ್" ಅಂತ ಇದ್ದರೆ ಕನಿಷ್ಠ ವಯಸ್ಸು ಅಂತ ಏನೂ ಇಲ್ಲ, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಟ್ಟಿದ್ದರೆ ಸಾಕು. "ಸ್ಟ್ರೇಟ್ ಬರ್ಬನ್" ಅಂತ ಇದ್ದರೆ ಕನಿಷ್ಠ ಎರಡು ವರ್ಷ. ನಾಲ್ಕು ವರ್ಷಕ್ಕಿಂತ ಚಿಕ್ಕದಾದರೆ ವಯಸ್ಸನ್ನು ಬರೆಯಲೇಬೇಕು. ಅಂದರೆ ಸ್ಟ್ರೇಟ್ ಬರ್ಬನ್ ಮೇಲೆ ವಯಸ್ಸು ಬರೆದಿಲ್ಲ ಅಂದರೆ ಅದಕ್ಕೆ ನಾಲ್ಕಾದರೂ ಆಗಿದೆ. ಓಲ್ಡ್ ಗ್ರ್ಯಾಂಡ್-ಡ್ಯಾಡ್ 114 ಈ ಕೊನೆಯ ಗುಂಪಿಗೆ ಸೇರಿದ್ದು. ರೇಮಂಡ್ ಹೇಡನ್ ಎಂಬಾತ ಭಟ್ಟಿ ಶುರು ಮಾಡಿ ತನ್ನ ಅಜ್ಜ ಬೇಸಿಲ್ ಹೇಡನ್ ನೆನಪಿಗೆ ಈ ಹೆಸರಿಟ್ಟ. 1987ರಿಂದ ಬ್ರ್ಯಾಂಡ್ ಜಿಮ್ ಬೀಮ್‌ನವರ ಕೈಯಲ್ಲಿದೆ. ಹೆಸರಿನಲ್ಲಿ ಅಜ್ಜ, ವಯಸ್ಸು ಕೇಳಿದರೆ ಎಲ್‌ಕೆಜಿ!

ಇನ್ನು 114ರ ಲೆಕ್ಕ. ಇದು ಪ್ರೂಫ್, ಅಂದರೆ ಮದ್ಯ ಎಷ್ಟು ಸ್ಟ್ರಾಂಗ್ ಅನ್ನುವ ಅಳತೆ. ಊರಲ್ಲಿ ಬಾಟಲಿ ಮೇಲೆ 42.8%, 75 ಡಿಗ್ರಿ ಪ್ರೂಫ್ ಅಂತ ಇರುತ್ತಲ್ಲ, ಅದು ಹಳೆ ಬ್ರಿಟಿಷ್ ಲೆಕ್ಕ. ಅಮೆರಿಕದಲ್ಲಿ ಆಲ್ಕೋಹಾಲ್ ಶೇಕಡಾ ಎಷ್ಟೋ ಅದರ ಎರಡರಷ್ಟು ಪ್ರೂಫ್. ಹಾಗಾಗಿ 114 ಅಂದರೆ ಶೇ. 57. ತಮಾಷೆ ಏನಪ್ಪಾ ಅಂದರೆ, ಬ್ರಿಟಿಷರ 100 ಡಿಗ್ರಿ ಪ್ರೂಫ್ ಅಂದರೂ ಸುಮಾರು ಇಷ್ಟೇ, 57ರ ಮೇಲೆ ಒಂಚೂರು. ಹಿಂದಿನ ಕಾಲದಲ್ಲಿ ಸಿಡಿಮದ್ದಿನ ಮೇಲೆ ಮದ್ಯ ಸುರಿದು ಬೆಂಕಿ ಹಚ್ಚಿ ನೋಡುತ್ತಿದ್ದರಂತೆ. ಮದ್ದು ಹತ್ತಿಕೊಂಡರೆ ಸರಕು ಅಸಲಿ. ಆ ಗಡಿಯ ಹತ್ತಿರವೇ ನಮ್ಮ ಈ ಬಾಟಲಿ ನಿಂತಿದೆ.

ಬೆಂಗಳೂರಿಂದ ಬಂದಿದ್ದ ಗೆಳೆಯನಿಗೆ ಒಮ್ಮೆ ನೀರಿಲ್ಲದೆ ಕೊಟ್ಟೆ. ಒಂದು ಗುಟುಕು ಒಳಗೆ ಹೋಯಿತು, ಕಣ್ಣಲ್ಲಿ ನೀರು ಬಂತು. "ಲೋ, ಏನೋ ಇದು, ಸ್ಯಾನಿಟೈಸರ್ ಕೊಟ್ಟಿದೀಯಾ?" ಅಂದ. ಅವನ ಮಾತಲ್ಲಿ ತಪ್ಪಿಲ್ಲ. ಶೇ. 57ರಲ್ಲಿ ಮೂಗಿಗೆ ಮೊದಲು ಹೊಡೆಯುವುದು ಘಾಟೇ. ಆಮೇಲೆ ದಾಲ್ಚಿನ್ನಿ, ಕರಿಮೆಣಸು, ಅದರ ಹಿಂದೆ ಹುರಿದ ಕಡಲೆಕಾಯಿ ಬೀಜ. ಈ ಕಡಲೆಕಾಯಿ ವಾಸನೆ ಜಿಮ್ ಬೀಮ್ ಮನೆಯ ಗುರುತು, ಅವರ ಬೇರೆ ಬಾಟಲಿಗಳಲ್ಲೂ ಮೂಗಿಗೆ ಸಿಗುತ್ತೆ. ಖಾರಕ್ಕೆ ಕಾರಣ ರೈ ಧಾನ್ಯ. ಬರ್ಬನ್‌ನಲ್ಲಿ ಮೆಕ್ಕೆಜೋಳ ಕನಿಷ್ಠ ಶೇ. 51 ಇರಲೇಬೇಕು, ಉಳಿದದ್ದು ಮಾಡುವವರ ಇಷ್ಟ. ಇದರಲ್ಲಿ ಜೋಳ ಸುಮಾರು 63, ರೈ 27, ಮಿಕ್ಕಿದ್ದು ಮಾಲ್ಟ್ ಮಾಡಿದ ಬಾರ್ಲಿ. ಸಾಮಾನ್ಯ ಬರ್ಬನ್‌ಗಳಲ್ಲಿ ರೈ ಇದರ ಅರ್ಧದಷ್ಟೂ ಇರುವುದಿಲ್ಲ.

ಈಗ ನೀರು ಹಾಕೋಣ. ಎಳೆ ವಿಸ್ಕಿಯ ಬಣ್ಣ ಬಯಲಾಗುವುದೇ ಇಲ್ಲಿ. ಸ್ಟ್ರಾಂಗ್ ಇದ್ದಷ್ಟೂ ನಾಲಿಗೆ ಮರಗಟ್ಟುತ್ತೆ, ಮರಗಟ್ಟಿದ ನಾಲಿಗೆಗೆ ತಪ್ಪುಗಳು ಕಾಣುವುದಿಲ್ಲ. ಅದಕ್ಕೇ ಚಿಕ್ಕ ವಯಸ್ಸಿನ ಸರಕನ್ನು ಹೈ ಪ್ರೂಫ್‌ನಲ್ಲಿ ಮಾರುವುದು ಜಾಣತನ. 60 ಎಂಎಲ್ 114ಕ್ಕೆ ಸುಮಾರು 8 ಎಂಎಲ್ ನೀರು ಹಾಕಿದರೆ ಶೇ. 50ಕ್ಕೆ ಇಳಿಯುತ್ತೆ. 16 ಎಂಎಲ್ ಹಾಕಿದರೆ 45. ಔಷಧಿ ಬಾಟಲಿ ಜೊತೆ ಬರುವ ಅಳತೆ ಮುಚ್ಚಳ ಇದ್ದರೆ ಕೆಲಸ ಸಲೀಸು.

50ರಲ್ಲಿ ಇದು ಬೇರೆಯದೇ ಮದ್ಯ. ಘಾಟು ಹಿಂದೆ ಸರಿದು ಬೆಲ್ಲದ ಪಾಕದ ಸಿಹಿ ಮುಂದೆ ಬರುತ್ತೆ. ಮೆಣಸಿನ ಖಾರ ಇದ್ದೇ ಇದೆ, ಆದರೆ ಅದು ಗಂಟಲು ಬಿಟ್ಟು ನಾಲಿಗೆ ಬದಿಯಲ್ಲಿ ನಿಲ್ಲುತ್ತೆ. ನುಂಗಿದ ಮೇಲೂ ಬಹಳ ಹೊತ್ತು ದಾಲ್ಚಿನ್ನಿ ಉಳಿಯುತ್ತೆ, ಕೊನೆಗೆ ಸ್ವಲ್ಪ ಒಗರು. ಪಕ್ಕದಲ್ಲಿ ಕಾಂಗ್ರೆಸ್ ಕಡ್ಲೆಕಾಯಿ ಇದ್ದರಂತೂ ಕೇಳಲೇಬೇಡಿ. 45ರಲ್ಲೂ ಚೆನ್ನಾಗಿಯೇ ಇದೆ. 40ಕ್ಕೆ ಇಳಿಸಿದರೆ ಮಾತ್ರ ವಯಸ್ಸು ಕಾಣುತ್ತೆ. ಸಿಹಿ ತೆಳುವಾಗಿ, ಹಿಟ್ಟಿನ ಹಸಿ ವಾಸನೆ ಅಡಿಯಿಂದ ಮೇಲೆ ಬರುತ್ತೆ. ಇದೇ ಕಾರಣಕ್ಕೆ ಚಿಕ್ಕ ಚಿಕ್ಕ ಐಸ್ ತುಂಬಿ ಕುಡಿಯುವುದು ಬೇಡ. ಅರ್ಧ ಗ್ಲಾಸ್ ಆಗುವಷ್ಟರಲ್ಲಿ ಒಳ್ಳೆಯದೆಲ್ಲ ದಾಟಿ ಹೋಗಿರುತ್ತೆ. ಹಾಕಲೇಬೇಕು ಅಂದರೆ ಒಂದೇ ದೊಡ್ಡ ತುಂಡು ಹಾಕಿ.

ಬಾಟಲಿ ತೆಗೆದ ದಿನವೇ ತೀರ್ಪು ಕೊಡಬೇಡಿ ಅಂತಲೂ ಹೇಳುತ್ತೇನೆ. ನನ್ನ ಅನುಭವದಲ್ಲಿ ಮೊದಲ ಪೆಗ್ಗಿನ ಒರಟುತನ ಕೆಲವು ವಾರ ಗಾಳಿ ಆಡಿದ ಮೇಲೆ ಇರುವುದಿಲ್ಲ. ಕಾಲುಭಾಗ ಇಳಿದ ಬಾಟಲಿ ಹೊಸ ಬಾಟಲಿಗಿಂತ ಎಷ್ಟೋ ವಾಸಿ.

ಹೋಲಿಕೆಗೆ ಇನ್ನೊಂದು ಕಥೆ ಹೇಳಲೇಬೇಕು. ಒಂದು ಸಣ್ಣ ಭಟ್ಟಿಯ ಎರಡು ವರ್ಷದ ಬರ್ಬನ್ ತಂದಿದ್ದೆ, ಶೇ. 60ರ ಮೇಲೆ, ಬೆಲೆ 114ರ ದುಪ್ಪಟ್ಟು. ಹೆಸರು ಬೇಡ ಬಿಡಿ. ಬಣ್ಣ ನೋಡಿದರೆ ಹನ್ನೆರಡು ವರ್ಷದ್ದು ಅನ್ನಬೇಕು. ನೀರಿಲ್ಲದೆ ಕುಡಿದಾಗ ಖಾರ, ಸಿಹಿ, ಅಬ್ಬರ ಎಲ್ಲ ಇತ್ತು. 50ಕ್ಕೆ ಇಳಿಸಿದೆ ನೋಡಿ, ಒಂದು ಕಡೆ ಮರದ ಹೊಟ್ಟು, ಇನ್ನೊಂದು ಕಡೆ ನೇಲ್ ಪಾಲಿಶ್, ನಡುವೆ ಏನೂ ಇಲ್ಲ. ಪೀಪಾಯಿ ಚಿಕ್ಕದಾದರೆ ಹೀಗಾಗುತ್ತೆ. ಮಾಮೂಲಿ ಪೀಪಾಯಿ 53 ಗ್ಯಾಲನ್, ಅಂದರೆ ಸುಮಾರು 200 ಲೀಟರ್. ಚಿಕ್ಕದರಲ್ಲಿ ಮದ್ಯಕ್ಕೆ ಮರ ಜಾಸ್ತಿ ತಗಲುತ್ತೆ, ಬಣ್ಣ ಮತ್ತು ಒಗರು ಬೇಗ ಇಳಿಯುತ್ತೆ. ಆದರೆ ಹಸಿ ವಾಸನೆ ಹೋಗೋದಕ್ಕೆ ಕಾಲವೇ ಬೇಕು, ಮರ ಜಾಸ್ತಿ ಮಾಡಿದರೆ ಅದು ಹೋಗಲ್ಲ.

ಹಾಗಂತ ವಯಸ್ಸಿನ ಅಂಕಿಯನ್ನೇ ನಂಬಿ ಕೂರಬೇಕಿಲ್ಲ. ಇದು ಬೆಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೈಸೂರು ರಸ್ತೆಯ ಕಂಬೀಪುರದಲ್ಲಿ ಅಮೃತ್‌ನವರು ಮಾಡುವ ಸಿಂಗಲ್ ಮಾಲ್ಟ್‌ಗಳು ಸ್ಕಾಚ್ ಲೆಕ್ಕದಲ್ಲಿ ಮಕ್ಕಳೇ. ನಮ್ಮ ಸೆಕೆಗೆ ಪೀಪಾಯಿಯಿಂದ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಆವಿಯಾಗಿ ಹೋಗುತ್ತೆ, ಸ್ಕಾಟ್ಲೆಂಡಿನಲ್ಲಿ ಎರಡು ಹೋದರೆ ಹೆಚ್ಚು. ಕೆಂಟಕಿ ಇವೆರಡರ ನಡುವೆ. ಅಲ್ಲಿ ಬೇಸಿಗೆ ಸೆಕೆ ಜೋರು, ಚಳಿಗಾಲದಲ್ಲಿ ಹಿಮ, ಮದ್ಯ ಮರದ ಒಳಕ್ಕೂ ಹೊರಕ್ಕೂ ಓಡಾಡುತ್ತೆ. ಅದರ ಮೇಲೆ ಪ್ರತಿ ಸಲವೂ ಹೊಸ ಪೀಪಾಯಿ. ಹಾಗಾಗಿ ಇಲ್ಲಿನ ನಾಲ್ಕು ವರ್ಷವನ್ನು ಹಳೆ ಪೀಪಾಯಿಯಲ್ಲಿ ಮಲಗಿದ ಸ್ಕಾಚ್‌ನ ನಾಲ್ಕು ವರ್ಷದ ಜೊತೆ ಇಟ್ಟು ನೋಡುವುದು ಸರಿಯಲ್ಲ. ಅಮೃತ್ ಫ್ಯೂಷನ್ ಶೇ. 50ರಲ್ಲಿ ಬರುತ್ತೆ. ಅದನ್ನು ಕುಡಿದು ಅಭ್ಯಾಸ ಇದ್ದವರಿಗೆ 114 ನೀರು ಹಾಕಿದ ಮೇಲೆ ಹೆದರಿಸುವುದಿಲ್ಲ. ರುಚಿ ಬೇರೆ ಅಷ್ಟೇ, ಫ್ಯೂಷನ್‌ನ ಹೊಗೆ ವಾಸನೆ ಇದರಲ್ಲಿ ಇಲ್ಲ, ಸಿಹಿ ಜಾಸ್ತಿ.

114ರದೇ ಧಾನ್ಯದ ಪಾಕದಲ್ಲಿ ಮಾಡಿ, ಶೇ. 40ಕ್ಕೆ ಇಳಿಸಿ, ಚೆಂದದ ಬಾಟಲಿಯಲ್ಲಿ ಮಾರುವ ಇನ್ನೊಂದು ಬರ್ಬನ್ ಬೇಸಿಲ್ ಹೇಡನ್. ಅದೇ ಅಜ್ಜ, ಈ ಸಲ ಸೂಟು ಹಾಕಿಕೊಂಡು. ಮೃದುವಾಗಿದೆ, ಹೊಸಬರಿಗೆ ಸುಲಭ. ಆದರೆ ಬೆಲೆ ಹೆಚ್ಚು. 750 ಎಂಎಲ್ 114ಕ್ಕೆ ನೀವೇ ನೀರು ಹಾಕಿ 40ಕ್ಕೆ ಇಳಿಸಿದರೆ ಒಂದು ಲೀಟರಿಗಿಂತ ಜಾಸ್ತಿ ಆಗುತ್ತೆ. ಜಿಪುಣ ಅಂತ ಬೇಕಾದರೆ ಅನ್ನಿ, ನಾನು ನೀರಿಗೆ ದುಡ್ಡು ಕೊಡುವುದಿಲ್ಲ.

ಓಲ್ಡ್ ಫ್ಯಾಷನ್ಡ್ ಎಂಬ ಕಾಕ್‌ಟೇಲ್ ಮಾಡಲು ಇದು ಹೇಳಿ ಮಾಡಿಸಿದ ಹಾಗಿದೆ. ಸಕ್ಕರೆ, ಬಿಟರ್ಸ್, ಕಿತ್ತಳೆ ಸಿಪ್ಪೆ ಎಲ್ಲ ಸೇರಿದ ಮೇಲೂ ವಿಸ್ಕಿ ಗೊತ್ತಾಗುತ್ತೆ. ಕೋಲಾಗೆ ಹಾಕುವುದಾದರೆ ಇದು ಯಾಕೆ, ಅಗ್ಗದ್ದು ಸಾಕು.

ಊರಿಗೆ ಒಯ್ಯುವವರಿಗೆ ಒಂದು ಮಾತು. ಶೇ. 70ರ ಒಳಗಿರುವುದರಿಂದ ಸೀಲ್ ಒಡೆಯದ ಬಾಟಲಿಯನ್ನು ಚೆಕ್-ಇನ್ ಲಗೇಜಿನಲ್ಲಿ ಹಾಕಬಹುದು, ಭಾರತಕ್ಕೆ ತಲೆಗೆ ಎರಡು ಲೀಟರ್ ತನಕ ಸುಂಕ ಇಲ್ಲ. ಅಲ್ಲಿ ಚಿಕ್ಕಪ್ಪನೋ ಮಾವನೋ ಅಭ್ಯಾಸಬಲದಿಂದ ಲಾರ್ಜ್ ಸುರಿಯಲು ಹೊರಟರೆ ತಡೆಯಿರಿ. ಇದರ 60 ಎಂಎಲ್ ಅಂದರೆ ಅವರ ಮಾಮೂಲಿ ವಿಸ್ಕಿಯ 80 ಎಂಎಲ್. ಅವರ ಒಂದು ಲಾರ್ಜ್‌ಗೆ ಸಮ ಬೇಕು ಅಂದರೆ 45 ಎಂಎಲ್ ಹಾಕಿ, ಮೇಲೆ ನೀರು ಅವರಿಗೆ ಬೇಕಾದಷ್ಟು.