ಮೀಟರ್ ಲೆಕ್ಕದ ಡೀಸೆಲ್ ಹೋಸು: ಸೋರುವ ಹಳೆಯ ಗಾಡಿಗೆ ಯಾವುದು ತಾಳುತ್ತದೆ?

ವಿಜಯಪುರ, ಬಾಗಲಕೋಟೆಯ ಬಿಡಿಭಾಗದ ಅಂಗಡಿಗೆ ಹೋಗಿ ‘ಎಂಟರ ಡೀಸೆಲ್ ಹೋಸ್ ಕೊಡ್ರಿ’ (ಎಂಟು ಮಿ.ಮೀ. ಒಳಗಾತ್ರದ್ದು) ಅಂದರೆ ಸಾಮಾನ್ಯವಾಗಿ ಮೂರು ಬಗೆಯವು ಎದುರಿಗೆ ಬರುತ್ತವೆ: ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಪೈಪು, ನೂಲಿನ ಹೆಣಿಗೆಯ ಕರಿ ರಬ್ಬರ್ ಹೋಸು, ಒಳಪದರ ವೈಟಾನ್ ಎಂಬ ಫ್ಲೋರಿನ್ ಬೆರೆತ ರಬ್ಬರಿನದಾದ ಹೋಸು. ಹತ್ತು ಹದಿನೈದು ವರ್ಷ ದಾಟಿದ ಡೀಸೆಲ್ ಕಾರಿಗೆ ನಮ್ಮ ಆಯ್ಕೆ ಮೂರನೆಯದು. ಸಾದಾ ರಬ್ಬರಿಗಿಂತ ಹಲವು ಪಟ್ಟು ದುಬಾರಿ, ನಿಜ. ಆದರೆ ಬಾನೆಟ್ ಒಳಗೆ ಬೇಕಾಗುವುದು ಹೆಚ್ಚೆಂದರೆ ಒಂದೆರಡು ಮೀಟರ್.

ಪ್ಲಾಸ್ಟಿಕ್ ಪೈಪಿನ ಮಾತು ಬೇಗ ಮುಗಿಯುತ್ತದೆ. ಡೀಸೆಲ್ ಅದರ ಮೆತುವನ್ನು ಹೀರಿಬಿಡುತ್ತದೆ, ಎಂಜಿನ್ ಶಾಖಕ್ಕೆ ಅದು ಹಳದಿಯಾಗಿ ಕಟ್ಟಿಗೆಯಂತೆ ಬಿರುಸಾಗುತ್ತದೆ, ಕ್ಲಿಪ್ಪಿನ ಹತ್ತಿರ ಸೀಳುತ್ತದೆ. ಪತ್ತೆ ಹಚ್ಚುವ ಕೆಲಸಕ್ಕೆ ಮಾತ್ರ ಅರ್ಧ ಅಡಿ ಇಟ್ಟುಕೊಳ್ಳಿ. ಫಿಲ್ಟರ್ ಮತ್ತು ಪಂಪಿನ ನಡುವೆ ಅದನ್ನು ಸಿಕ್ಕಿಸಿ ಎಂಜಿನ್ ಚಾಲೂ ಮಾಡಿದಾಗ ಗುಳ್ಳೆ ಹರಿದುಬಂದರೆ ಗಾಳಿ ಒಳಗೆ ಸೇರುತ್ತಿದೆ ಎಂದರ್ಥ. ಹಳೆಯ ಗಾಡಿಗಳಲ್ಲಿ ಟ್ಯಾಂಕಿನಿಂದ ಪಂಪಿನವರೆಗೆ ಸಾಮಾನ್ಯವಾಗಿ ಎಳೆತದ ಭಾಗ, ಅಂದರೆ ಪಂಪು ಡೀಸೆಲನ್ನು ಹೀರಿಕೊಳ್ಳುವ ದಾರಿ. ಅಲ್ಲಿನ ಬಿರುಕು ಗಾಡಿ ಓಡುವಾಗ ಗಾಳಿ ಎಳೆಯುತ್ತದೆ, ನಿಂತಾಗ ಡೀಸೆಲ್ ಜಿನುಗಿಸುತ್ತದೆ. ಮುಂಜಾನೆ ಗಾಡಿ ಹತ್ತು ಸಲ ತಿರುಗಿಸಿದರೂ ಚಾಲೂ ಆಗದಿದ್ದರೆ ಬ್ಯಾಟರಿಯನ್ನು ಬೈಯುವ ಮೊದಲು ಈ ಹೋಸುಗಳನ್ನು ನೋಡಿ.

ನೂಲು ಹೆಣೆದ ಕರಿ ಹೋಸು ನೈಟ್ರೈಲ್ ರಬ್ಬರಿನದು. ಒಳ್ಳೆಯದು ಸಿಕ್ಕರೆ ಡೀಸೆಲ್‌ಗೆ ಸಲ್ಲುತ್ತದೆ. ಅದರ ದೊಡ್ಡ ಕುಂದು ಆ ನೂಲೇ. ಒಳಗಿನ ಬಿರುಕು ಹೊರಗೆ ಕಾಣುವುದಿಲ್ಲ, ನೂಲು ಬತ್ತಿಯಂತೆ ಡೀಸೆಲ್ ಹೀರಿ ಒಂದು ಗೇಣು ಆಚೆ ತೊಟ್ಟಿಕ್ಕಿಸುತ್ತದೆ. ಅದರ ಮೇಲೆ ಎರೆಮಣ್ಣಿನ ಧೂಳು ಅಂಟಿಕೊಂಡರೆ ಸೋರುವ ಜಾಗ ಇನ್ನಷ್ಟು ಮರೆಯಾಗುತ್ತದೆ. ಎಲ್ಲವನ್ನೂ ಅರಿವೆಯಿಂದ ಒರೆಸಿ ಒಣಗಿಸಿ, ಮುಖದ ಪೌಡರ್ ತೆಳ್ಳಗೆ ಉದುರಿಸಿ, ಹತ್ತು ನಿಮಿಷ ಎಂಜಿನ್ ಓಡಿಸಿ. ಪೌಡರ್ ಮೊದಲು ಒದ್ದೆಯಾದ ಜಾಗವೇ ಮೂಲ.

ವರ್ಷಗಟ್ಟಲೆ ಸುಮ್ಮನಿದ್ದ ರಬ್ಬರ್ ಈಗೇಕೆ ಸೋರುತ್ತದೆ ಎಂಬುದಕ್ಕೆ ವಯಸ್ಸಿನ ಜೊತೆಗೆ ಇನ್ನೊಂದು ಕಾರಣವಿದೆ. 2020ರ ಏಪ್ರಿಲ್‌ನಿಂದ ದೇಶದೆಲ್ಲೆಡೆ ಬಿಎಸ್-6 (ಭಾರತ್ ಸ್ಟೇಜ್ ಎಂಬ ಮಾಲಿನ್ಯ ಮಾನಕದ ಆರನೆಯ ಹಂತ) ಡೀಸೆಲ್ ಬಂತು. ಬಿಎಸ್-4ರಲ್ಲಿ ಹತ್ತು ಲಕ್ಷಕ್ಕೆ 50 ಭಾಗ ಇದ್ದ ಗಂಧಕದ ಮಿತಿ 10ಕ್ಕೆ ಇಳಿಯಿತು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್‌ನಲ್ಲಿರುವ, ರಬ್ಬರನ್ನು ಉಬ್ಬಿಸುವ ಆರೊಮ್ಯಾಟಿಕ್ ಅಂಶವೂ ಕಡಿಮೆಯಾಗಬಹುದು. ಹಳೆಯ ನೈಟ್ರೈಲ್ ಸೀಲು ಆ ಅಂಶವನ್ನು ಕುಡಿದು ಉಬ್ಬಿಕೊಂಡೇ ಬಿಗಿಯಾಗಿ ಕೂತಿರುತ್ತದೆ. ಅದು ಕಡಿಮೆಯಾದಾಗ ಕುಗ್ಗುತ್ತದೆ, ಹುರುಪು ಸತ್ತ ರಬ್ಬರ್ ಮತ್ತೆ ಹಿಗ್ಗುವುದಿಲ್ಲ. ವೈಟಾನ್ ಮೊದಲಿಗೇ ಹಾಗೆ ಉಬ್ಬುವುದಿಲ್ಲ, ಶಾಖಕ್ಕೂ ಹೆಚ್ಚು ತಾಳುತ್ತದೆ. ಅದಕ್ಕೇ ಈ ಪಕ್ಷಪಾತ.

ಕೊಳ್ಳುವಾಗ ಹೋಸಿನ ಮೈಮೇಲಿನ ಅಚ್ಚು ಓದಿ. ‘ಎಸ್‌ಎಇ ಜೆ30 ಆರ್9’ (ಇಂಧನ ಹೋಸಿನ ಒಂದು ಮಾನಕದ ಗುರುತು) ಎಂದಿದ್ದರೆ 100 ಪಿಎಸ್‌ಐ, ಅಂದರೆ ಸುಮಾರು 7 ಬಾರ್ ಒತ್ತಡದ್ದು. ‘ಆರ್7’ ಅದರ ಅರ್ಧದ್ದು. ಏನೂ ಅಚ್ಚಿಲ್ಲದ ಹೋಸು ಬೇಡವೇ ಬೇಡ. ಅಂಗಡಿ ಬಾಗಿಲಲ್ಲಿ ತೂಗುಹಾಕಿದ್ದನ್ನೂ ಬಿಡಿ. ನಮ್ಮ ಕಡೆಯ ಬಿಸಿಲಿಗೆ ರಬ್ಬರ್ ಮಾರಾಟಕ್ಕೆ ಮೊದಲೇ ಮುಪ್ಪಾಗಿರುತ್ತದೆ. ಒಳಗಿನ ಸುರುಳಿಯಿಂದ ಕೊಯ್ದು ಕೊಡಲು ಕೇಳಿ, ತುದಿಯನ್ನು ಬಗ್ಗಿಸಿ ನೋಡಿ, ಕೂದಲೆಳೆಯ ಸೀಳು ಕಂಡರೆ ಮರಳಿಸಿ. ಬೆಳಗಾವಿಯ ಉದ್ಯಮಬಾಗ ಕಡೆ ಸಿಗುವ ಹೈಡ್ರಾಲಿಕ್ ಹೋಸು ಗಟ್ಟಿಯೆಂದು ಇಲ್ಲಿಗೆ ತರಬೇಡಿ. ಒಳಗಿನ ತಂತಿ ಹೆಣಿಗೆಯಿಂದಾಗಿ ಕ್ಲಿಪ್ಪು ಅದನ್ನು ನಿಪ್ಪಲ್ (ಹೋಸು ಕೂರುವ ಲೋಹದ ಮೂತಿ) ಮೇಲೆ ಒತ್ತಲಾರದು.

ಹೋಸಿನಷ್ಟೇ ಕ್ಲಿಪ್ಪೂ ಮುಖ್ಯ. ಪಟ್ಟಿಯಲ್ಲಿ ಸೀಳುಗಂಡಿ ಇರುವ ಅಗ್ಗದ ಕ್ಲಿಪ್ಪು ಬಿಗಿದಷ್ಟೂ ರಬ್ಬರನ್ನು ಕೊರೆಯುತ್ತದೆ. ಅಂಚು ಮಡಚಿದ, ನಯವಾದ ಪಟ್ಟಿಗೆ ಸ್ಕ್ರೂ-ನಟ್ ಇರುವ ಸಣ್ಣ ಕ್ಲಿಪ್ಪು ತಗೊಳ್ಳಿ. ಅಳತೆಗೆ ಹೋಸಿನ ಒಳಗಾತ್ರವಲ್ಲ, ಹೊರಗಾತ್ರ ಬೇಕು.

ಜೋಡಿಸುವಾಗ ಹೋಸನ್ನು ಹೊಸ ಬ್ಲೇಡಿನಿಂದ ನೇರವಾಗಿ ಕೊಯ್ಯಿರಿ. ಕಟಿಂಗ್ ಪ್ಲೇಯರ್ ತುದಿಯನ್ನು ಜಜ್ಜುತ್ತದೆ. ನಿಪ್ಪಲ್ ತುಕ್ಕು ಹಿಡಿದಿದ್ದರೆ ನುಣುಪು ಎಮರಿ ಕಾಗದವನ್ನು ಸುತ್ತಲೂ ಉಜ್ಜಿ, ಉದ್ದಕ್ಕೆ ಬೇಡ. ಉದ್ದದ ಗೀರು ಡೀಸೆಲ್‌ಗೆ ಕಾಲುವೆಯಾಗುತ್ತದೆ. ತುದಿಗೆ ಶುದ್ಧ ಡೀಸೆಲ್ ಸವರಿ 20ರಿಂದ 25 ಮಿ.ಮೀ. ಒಳಗೆ ತಳ್ಳಿ. ಕ್ಲಿಪ್ಪು ನಿಪ್ಪಲ್ಲಿನ ಉಬ್ಬಿನ ಹಿಂದೆ, ಹೋಸಿನ ತುದಿಯಿಂದ ಮೂರು ನಾಲ್ಕು ಮಿ.ಮೀ. ಬಿಟ್ಟು ಕೂರಬೇಕು. ಟೆಫ್ಲಾನ್ ಟೇಪು, ಸಿಲಿಕೋನ್ ಅಂಟು ಸುತ್ತಬಾರದು. ಅದರ ಚೂರು ಇಂಜೆಕ್ಟರ್‌ವರೆಗೆ ಹೋಗಬಲ್ಲದು. ಆಮೇಲೆ ಕೈಪಂಪನ್ನು ಬಿರುಸಾಗುವವರೆಗೆ ಒತ್ತಿ ಗಾಳಿ ತೆಗೆಯಿರಿ. ಸ್ಟಾರ್ಟರ್ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸಬೇಡಿ. ಒಂದು ವಾರ ಓಡಿಸಿ ಕ್ಲಿಪ್ಪನ್ನು ಇನ್ನೊಮ್ಮೆ ನೋಡಿ, ಹೊಸ ರಬ್ಬರ್ ಸ್ವಲ್ಪ ಕೂರುತ್ತದೆ.

ಈ ಕೆಲಸ ಮುಂದೂಡಬೇಡಿ. ಭಾರತೀಯ ಮಾನಕದಲ್ಲಿ ಡೀಸೆಲ್‌ನ ಕನಿಷ್ಠ ಫ್ಲ್ಯಾಶ್ ಪಾಯಿಂಟ್, ಅಂದರೆ ಅದರ ಆವಿ ಕಿಡಿ ತಾಗಿದರೆ ಹೊತ್ತಬಲ್ಲ ಉಷ್ಣತೆ, 35 ಡಿಗ್ರಿ. ಏಪ್ರಿಲ್ ಮೇ ತಿಂಗಳ ವಿಜಯಪುರದ ನೆರಳೇ 40 ಮುಟ್ಟುತ್ತದೆ. ಡೀಸೆಲ್ ಹೊತ್ತುವುದಿಲ್ಲ ಎನ್ನುವ ಧೈರ್ಯ ಬಿಸಿ ಸೈಲೆನ್ಸರ್ ಪಕ್ಕದಲ್ಲಿ ನಡೆಯದು. ಸೋರಿದ್ದು ರಬ್ಬರಿನ ಟೈಮಿಂಗ್ ಬೆಲ್ಟ್ ಮೇಲೆ ಬಿದ್ದರೆ ಬೆಲ್ಟೂ ಹಾಳು.

ಮೀಟರ್ ಹೋಸು ಎಲ್ಲೆಡೆ ಸಲ್ಲುವುದಿಲ್ಲ. ಹಳೆಯ ಇಂಡಿಕಾ ಥರದ ಎಂಜಿನ್ನಿನಲ್ಲಿ ಇಂಜೆಕ್ಟರುಗಳ ನಡುವಿನ ರಿಟರ್ನ್‌ಗೆ (ಮಿಕ್ಕ ಡೀಸೆಲ್ ಮರಳುವ ದಾರಿಗೆ) 3.2ರಿಂದ 3.5 ಮಿ.ಮೀ. ಒಳಗಾತ್ರದ ಸಣ್ಣ ಹೋಸು ನಡೆಯುತ್ತದೆ, ಕೊನೆಯ ಇಂಜೆಕ್ಟರಿನ ಟೋಪಿಯನ್ನೂ ಜೊತೆಗೆ ಬದಲಿಸಿ. ಸ್ವಿಫ್ಟ್ ಥರದ 1248 ಸಿಸಿ ಕಾಮನ್ ರೈಲ್ ಗಾಡಿಯಲ್ಲಿ ಒತ್ತಿ ಸಿಕ್ಕಿಸುವ ಜೋಡಣೆ ಇರುವಲ್ಲಿ ಅದಕ್ಕೆಂದೇ ಬರುವ ಪೈಪ್ ಸೆಟ್ಟೇ ಬೇಕು. ರೈಲಿನಿಂದ (ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹಂಚುವ ಒತ್ತಡದ ಕೊಳವೆಯಿಂದ) ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪು ಸೋರಿದರೆ ಬೆರಳಿಟ್ಟು ನೋಡಲೇಬೇಡಿ, ರಟ್ಟಿನ ತುಂಡು ಹಿಡಿಯಿರಿ. ಎಂಜಿನ್ ಬರೀ ನಿಧಾನಕ್ಕೆ ಓಡುತ್ತಿದ್ದಾಗಲೂ ಅಲ್ಲಿ ನೂರಾರು ಬಾರ್ ಇರುತ್ತದೆ, ಧಾರೆ ಚರ್ಮದೊಳಗೆ ಹೊಗುತ್ತದೆ. ಗಾಳಿ ತೆಗೆಯಲೆಂದು ಅದರ ನಟ್ಟಿಗೆ ಪಾನಾ ಹಾಕುವ ಹಳೆಯ ರೂಢಿ ಇಲ್ಲಿ ಬೇಡ.

ಹೋಸು, ಕ್ಲಿಪ್ಪು ಬದಲಾದ ಮೇಲೂ ಹಳೆಯ ಗಾಡಿಯ ರೋಟರಿ ಡೀಸೆಲ್ ಪಂಪಿನ ಆಕ್ಸಿಲರೇಟರ್ ಲಿವರಿನ ಬುಡ ಒದ್ದೆಯಾದರೆ ಅದು ಸಾಮಾನ್ಯವಾಗಿ ಶಾಫ್ಟಿನ ಓ-ರಿಂಗ್ (ರಬ್ಬರ್ ಉಂಗುರದ ಸೀಲು). ಆಗ ಟೆಸ್ಟ್ ಬೆಂಚ್ ಇರುವ ಪಂಪ್ ಮಿಸ್ತ್ರಿಯ ಬಳಿ ಹೋಗಿ, ಸೀಲ್ ಕಿಟ್ಟಿನ ರಬ್ಬರ್ ಯಾವುದೆಂದು ಮೊದಲೇ ಕೇಳಿ. ಪಂಪ್ ಕಳಚುವ ಮುನ್ನ ಪಂಪಿನ ಚಾಚು ಮತ್ತು ಎಂಜಿನ್ ಮೇಲೆ ಒಂದೇ ಗೆರೆ ಗೀಚಿಸಿ. ಆ ಗೆರೆಗೆ ಕೂಡಿಸಿ ಬಿಗಿದರೆ ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು) ಹೆಚ್ಚು ಆಚೀಚೆ ಆಗುವುದಿಲ್ಲ.