ಘಾಟಿಯಲ್ಲಿ ಸೊರಗುವ ಟರ್ಬೊ, ಕೈಯಲ್ಲೊಂದು ಅಗ್ಗದ ಒಬಿಡಿ ಸ್ಕ್ಯಾನರ್

ಸಾವಿರ ರೂಪಾಯಿಗೂ ಕಡಿಮೆ ಬೆಲೆಯ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಇದು, ಅಂದರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಸಾಧನ. ಸ್ಟೀರಿಂಗ್ ಕೆಳಗಿರುವ ಹದಿನಾರು ಪಿನ್ನಿನ ಸಾಕೆಟ್‌ಗೆ ಸಿಕ್ಕಿಸಿದರೆ ಎಂಜಿನ್ನಿನ ಮುಖ್ಯ ಅಂಕಿಗಳು ಮೊಬೈಲಿನ ಆ್ಯಪ್‌ನಲ್ಲಿ ಕಾಣುತ್ತವೆ. ತಯಾರಕರ ಹೆಸರೇ ಇಲ್ಲದ ಸರಕು. ಆದರೂ ನನ್ನ ಡೀಸೆಲ್ ಕಾರಿಗೆ ಹೊಸ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಹಾಕಿಸುವ ಖರ್ಚನ್ನು ಉಳಿಸಿಕೊಟ್ಟಿದೆ. ಹಲವು ಮಳೆಗಾಲ ಬಳಸಿದ ಮೇಲೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ.

ನಮ್ಮ ತೋಟ ಇರುವುದು ಕೊಡಗಿನ ಮೂರ್ನಾಡು ಕಡೆ. ಪುತ್ತೂರು, ಮಂಗಳೂರಿಗೆ ಹೋಗಿ ಮರಳುವಾಗಲೆಲ್ಲ ಸಂಪಾಜೆಯಿಂದ ಮಡಿಕೇರಿಯವರೆಗೆ ಬಿಡುವಿಲ್ಲದ ಏರು. ಕೊಯನಾಡು ದಾಟಿ ಜೋಡುಪಾಲದ ಹತ್ತಿರ ಬರುವಷ್ಟರಲ್ಲಿ ಕಾರು ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಸೊರಗುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಪಿಕಪ್ ಇಲ್ಲ, ಎರಡನೇ ಗೇರಿನಲ್ಲಿ ತೆವಳಬೇಕು, ಹಿಂದೆ ಬಸ್ಸಿನ ಹಾರ್ನ್. ಬದಿಗೆ ನಿಲ್ಲಿಸಿ, ಕೀ ತೆಗೆದು ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಎಳೆಯುತ್ತಿತ್ತು. ಇಷ್ಟು ಏರಿಲ್ಲದ ಕುಶಾಲನಗರದ ಕಡೆಗೆ ಓಡಿಸಿದರೆ ಈ ಕಾಯಿಲೆಯೇ ಇಲ್ಲ. ಸರ್ವಿಸ್ ಸೆಂಟರ್‌ನವರು ಸಮತಟ್ಟಾದ ರಸ್ತೆಯಲ್ಲಿ ಒಂದು ಸುತ್ತು ಹಾಕಿ, ಪಿ0299 ಎಂಬ ದೋಷದ ಕೋಡ್ ತೋರಿಸಿ, "ಟರ್ಬೊ ಬದಲಿಸಬೇಕು ಸರ್" ಎಂದರು. ಆ ಕೋಡ್ ಹೇಳುವುದು ಟರ್ಬೊ ಒತ್ತಡ ಬೇಕಾದಷ್ಟು ಏರುತ್ತಿಲ್ಲ ಎಂದಷ್ಟೇ. ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಭಾಗ) ಹೋಸಿನ ಕ್ಲ್ಯಾಂಪ್ ಸಡಿಲವಾದರೂ, ಟರ್ಬೊವನ್ನು ನಿಯಂತ್ರಿಸುವ ವ್ಯಾಕ್ಯೂಮ್ ಪೈಪ್ ಸೀಳಿದರೂ, ಆ ವ್ಯಾಕ್ಯೂಮನ್ನು ಹದಗೊಳಿಸುವ ಸೊಲೆನಾಯ್ಡ್ ಕವಾಟ ಅಂಟಿಕೊಂಡರೂ, ಟರ್ಬೊ ಒಳಗಿನ ರೆಕ್ಕೆಗಳಿಗೆ ಮಸಿ ಹಿಡಿದರೂ ಬರುವುದು ಅದೇ ಕೋಡ್.

ಊರಿನಲ್ಲಿ ಎಲ್ಲರ ಬಾಯಲ್ಲೂ ಇನ್ನೊಂದು ಉತ್ತರ ಸಿದ್ಧವಿತ್ತು: ಎತ್ತರದಲ್ಲಿ ಗಾಳಿ ತೆಳು. ಅದು ಸುಳ್ಳಲ್ಲ. ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೋಪಾಸ್ಕಲ್ ಇರುವ ಗಾಳಿಯ ಒತ್ತಡ, 1,150 ಮೀಟರಿನಷ್ಟು ಎತ್ತರದ ಮಡಿಕೇರಿಯಲ್ಲಿ 88ರ ಆಸುಪಾಸಿಗೆ ಇಳಿಯುತ್ತದೆ. ಆದರೆ ಆ ಕೊರತೆಯ ಬಹುಪಾಲನ್ನು ತುಂಬುವುದೇ ಟರ್ಬೊದ ಕೆಲಸ. ಅಲ್ಲದೆ, ಕೀ ತೆಗೆದು ಹಾಕಿದ ಮಾತ್ರಕ್ಕೆ ಘಾಟಿಯ ಗಾಳಿ ದಪ್ಪವಾಗುವುದಿಲ್ಲವಲ್ಲ!

ಸ್ಕ್ಯಾನರಿನಿಂದ ನನಗಾದ ಮೊದಲ ಉಪಕಾರವೂ ಈ ಅಂಕಿಯದೇ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದಾಗ, ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ತೋರಿಸಬೇಕಾದ್ದು ನೀವು ನಿಂತಿರುವ ಜಾಗದ ಗಾಳಿಯ ಒತ್ತಡವನ್ನು. ಮಡಿಕೇರಿಯಲ್ಲಿ 88ರ ಹತ್ತಿರ ಬಂದರೆ ಸೆನ್ಸರನ್ನು ಸದ್ಯಕ್ಕೆ ನಂಬಬಹುದು. ಹವಾಮಾನದ ಆ್ಯಪ್ ನೋಡಿ ಹೋಲಿಸಬೇಡಿ. ಅದು ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡವನ್ನು ಕೊಡುವುದರಿಂದ ಸರಿಯಿರುವ ಸೆನ್ಸರ್ ಕೂಡ ಕೆಟ್ಟಂತೆ ಕಾಣುತ್ತದೆ.

ನಿಜವಾದ ಉತ್ತರ ಸಿಕ್ಕಿದ್ದು ಘಾಟಿ ಹತ್ತುವಾಗ ಮಾಡಿದ ರೆಕಾರ್ಡಿಂಗಿನಲ್ಲಿ. ಮೊಬೈಲ್ ತಮ್ಮನ ಕೈಯಲ್ಲಿತ್ತು. ಆ ತಿರುವುಗಳಲ್ಲಿ ಚಾಲಕನೇ ಪರದೆ ನೋಡುವ ಸಾಹಸ ಬೇಡ. ಎಂಜಿನ್ ದೋಷದ ಹಳದಿ ದೀಪ ಹತ್ತಿದ ಮೇಲಿನ ಅಂಕಿಗಳಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಆ ಹೊತ್ತಿಗೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ತಾನೇ ಡೀಸೆಲ್ಲನ್ನೂ ಟರ್ಬೊವನ್ನೂ ಹಿಡಿದು ನಿಲ್ಲಿಸಿರುತ್ತದೆ. ನೋಡಬೇಕಾದ್ದು ಅದಕ್ಕೂ ಮುಂಚಿನ ಕೆಲವು ಸೆಕೆಂಡುಗಳನ್ನು. ನನ್ನ ಕಾರಿನಲ್ಲಿ ಆಗ ಡೀಸೆಲ್ ರೈಲಿನ (ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯ) ಒತ್ತಡ ಕದಲಿರಲಿಲ್ಲ, ಹಾಗಾಗಿ ಡೀಸೆಲ್ ಫಿಲ್ಟರ್ ಮೇಲಿನ ಅನುಮಾನ ಹೋಯಿತು. ಮ್ಯಾಪ್ ಅಂಕಿ ಮಾತ್ರ 200ರ ಮೇಲಿಂದ ಜಾರಿ ಹೊರಗಿನ ಗಾಳಿಯ ಮಟ್ಟದತ್ತ ಬಂದಿತ್ತು. ಅದರ ಜೊತೆಯಲ್ಲೇ ಒಳಬರುವ ಗಾಳಿಯನ್ನು ಅಳೆಯುವ ಮಾಫ್ ಸೆನ್ಸರಿನ ಅಂಕಿಯೂ ಕುಸಿದಿತ್ತು. ಇಡೀ ಪತ್ತೆದಾರಿಕೆಯ ತಿರುಳು ಇಲ್ಲಿದೆ. ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಹೋಸ್ ಬಾಯಿಬಿಟ್ಟಿದ್ದರೆ ಟರ್ಬೊ ಗಾಳಿಯನ್ನು ಎಳೆಯುತ್ತಲೇ ಇರುತ್ತದೆ. ಮಾಫ್ ಅಷ್ಟಾಗಿ ಇಳಿಯದೆ ಮ್ಯಾಪ್ ಮಾತ್ರ ಬೀಳುತ್ತದೆ. ಎರಡೂ ಒಟ್ಟಿಗೆ ಬಿದ್ದರೆ, ಟರ್ಬೊ ತಿರುಗುವ ಭರವೇ ಕಡಿಮೆಯಾಗಿದೆ ಎಂದು ತಿಳಿಯಬೇಕು.

ಗ್ರಾಫನ್ನು ಗೋಣಿಕೊಪ್ಪದ ಸಣ್ಣ ಗ್ಯಾರೇಜಿನ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಟರ್ಬೊ ಬಿಚ್ಚುವ ಮಾತೇ ಆಡಲಿಲ್ಲ. ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪನ್ನು, ಟರ್ಬೊದ ರೆಕ್ಕೆಗಳನ್ನು ಸರಿಸುವ ಆಕ್ಚುಯೇಟರಿಗೆ ಜೋಡಿಸಿದರು. ಅದರ ರಾಡ್ ಸಲೀಸಾಗಿ ಚಲಿಸಿತು, ಪಂಪಿನ ಮೀಟರಿನ ಮುಳ್ಳು ಇಳಿಯದೆ ನಿಂತಿತು. ಅದೇ ಪಂಪನ್ನು ಸೊಲೆನಾಯ್ಡ್‌ನಿಂದ ಬರುವ ರಬ್ಬರ್ ಪೈಪಿಗೆ ಹಾಕಿದಾಗ ಮುಳ್ಳು ಮೆಲ್ಲಗೆ ಇಳಿಯತೊಡಗಿತು. ಬ್ರಾಕೆಟ್‌ಗೆ ಉಜ್ಜಿ ಉಜ್ಜಿ ಪೈಪಿನ ಅಡಿಭಾಗ ಸೀಳಿತ್ತು. ತಣ್ಣಗಿದ್ದಾಗ ಮುಚ್ಚಿಕೊಂಡಿರುವ ಸೀಳು, ಏರು ಹತ್ತಿ ಎಂಜಿನ್ ಕಾದು ರಬ್ಬರ್ ಮೆತ್ತಗಾದಾಗ ತೆರೆದುಕೊಳ್ಳುತ್ತಿತ್ತು, ಆಕ್ಚುಯೇಟರಿಗೆ ವ್ಯಾಕ್ಯೂಮ್ ಸಾಲದೆ ಟರ್ಬೊ ಸೊರಗುತ್ತಿತ್ತು. (ಕೊಡಗಿನ ಕಾರ್ ಶೆಡ್ಡುಗಳಲ್ಲಿ ಇಂಥದಕ್ಕೆಲ್ಲ ಮೊದಲ ಆರೋಪಿ ಇಲಿ. ಈ ಬಾರಿ ಅದು ನಿರಪರಾಧಿ.) ಪೈಪಿನ ಬೆಲೆ ಸ್ಕ್ಯಾನರಿಗಿಂತಲೂ ಕಡಿಮೆ. ಆಮೇಲೆ ಸಂಪಾಜೆ ಘಾಟಿಯಲ್ಲಿ ಕಾರು ಕೈಕೊಟ್ಟಿಲ್ಲ.

ಇನ್ನು ದೂರುಗಳು. ನನ್ನದರ ಮೇಲೆ ಇಎಲ್‌ಎಂ-327 (ಒಳಗಿನ ಚಿಪ್ಪಿನ ಹೆಸರು), ಆವೃತ್ತಿ 1.5 ಎಂದು ಅಚ್ಚಾಗಿದೆ. ಮೂಲ ಚಿಪ್ ತಯಾರಿಸಿದ ಕೆನಡಾದ ಕಂಪನಿ ಆ ಸಂಖ್ಯೆಯ ಆವೃತ್ತಿಯನ್ನೇ ಹೊರತಂದಿರಲಿಲ್ಲ, ಅಂದರೆ ಇದು ನಕಲು. ನಕಲಿನ ದೊಡ್ಡ ದೋಷ ನಿಧಾನಗತಿ. ಹತ್ತು ಅಂಕಿಗಳನ್ನು ಒಟ್ಟಿಗೆ ಆರಿಸಿದರೆ ಗ್ರಾಫ್ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ಬೇಕಾದ ಕ್ಷಣವೇ ತಪ್ಪಿಹೋಗುತ್ತದೆ. ಆರ್‌ಪಿಎಂ, ಮ್ಯಾಪ್, ಮಾಫ್, ರೈಲ್ ಒತ್ತಡ ಇಷ್ಟನ್ನೇ ಇಟ್ಟುಕೊಳ್ಳಿ. ಕಾರು ಆಫ್ ಆಗಿದ್ದರೂ ಸಾಕೆಟ್‌ನಲ್ಲಿ ವಿದ್ಯುತ್ ಇರುವುದರಿಂದ, ಜಡಿಮಳೆಯಲ್ಲಿ ಕಾರನ್ನು ದಿನಗಟ್ಟಲೆ ಶೆಡ್ಡಿನಲ್ಲಿ ಬಿಡುವವರು ಇದನ್ನು ಕಿತ್ತಿಡಬೇಕು. ಇಲ್ಲವಾದರೆ ಬ್ಯಾಟರಿ ಇಳಿದಿರುತ್ತದೆ. ಕೋಡ್ ಅಳಿಸುವ ಬಟನ್ ಒತ್ತುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ದೋಷ ಕಂಡ ಗಳಿಗೆಯ ವೇಗ, ಬಿಸಿ, ಒತ್ತಡಗಳ ದಾಖಲೆಯೂ ಕೋಡಿನ ಜೊತೆಗೇ ಅಳಿಸಿಹೋಗುತ್ತದೆ.

ಐಫೋನ್ ಇರುವವರಿಗೆ ಈ ಮಾದರಿ ಆಗುವುದಿಲ್ಲ, ವೈಫೈ ಅಥವಾ ಬಿಎಲ್‌ಇ (ಕಡಿಮೆ ವಿದ್ಯುತ್ ಬಳಸುವ ಬ್ಲೂಟೂತ್) ಇರುವುದನ್ನು ಕೊಳ್ಳಬೇಕು. ಬಿಎಸ್-6 ಡೀಸೆಲ್ ಕಾರಿನಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ಎಷ್ಟು ಮಸಿ ತುಂಬಿದೆ ಎಂದು ತಿಳಿಯಲು ಸಾಮಾನ್ಯ ಆ್ಯಪ್ ಸಾಲದು. ನಿಮ್ಮ ಮಾದರಿಯ ಕಾರಿಗೆ ಹೊಂದುವ ಆ್ಯಪ್ ಇದೆಯೇ ಎಂದು ನೋಡಿಕೊಂಡೇ ಸ್ಕ್ಯಾನರ್ ತರಿಸಿ.